ಹೂವಿಗಿಂತ ಮೊದಲು ಎಲೆ ನೋಡಿ: ಘಮಘಮಿಸುವ ದೊಡ್ಡ ಡೇಲಿಲಿಗಳ ಬಗ್ಗೆ ಒಂದು ಮಾತುಕತೆ

ಎಲ್ಲರಿಗೂ ನಮಸ್ಕಾರ.

ಡೇಲಿಲಿ ಕೊಳ್ಳುವಾಗ ನಾವು ಸಾಮಾನ್ಯವಾಗಿ ಎರಡು ವಿಷಯ ಕೇಳುತ್ತೇವೆ. ಹೂವಿನ ಬಣ್ಣ ಯಾವುದು, ಅಗಲ ಎಷ್ಟು? ಸುವಾಸನೆ ಇದೆಯಾ ಅಂತ ಕೇಳುವವರು ಕಡಿಮೆ. ಚಳಿಗಾಲದಲ್ಲಿ ಇದರ ಎಲೆ ಏನಾಗುತ್ತದೆ ಅಂತ ಕೇಳುವವರಂತೂ ಇನ್ನೂ ಕಡಿಮೆ. ನಿಮ್ಮ ತೋಟದಲ್ಲಿ ಆ ಗಿಡ ಬಾಳುತ್ತದೋ ಇಲ್ಲವೋ ಅನ್ನುವುದನ್ನು ಹೆಚ್ಚಾಗಿ ತೀರ್ಮಾನಿಸುವುದು ಈ ಕೊನೆಯ ಪ್ರಶ್ನೆಯೇ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಹೆಸರಲ್ಲಿ ಲಿಲಿ ಇದ್ದರೂ ಇದು ಲಿಲಿ ಅಲ್ಲ. ಲಿಲಿ ಬೆಳೆಯುವುದು ಗಡ್ಡೆಯಿಂದ. ಡೇಲಿಲಿಗೆ ಅಂಥ ಗಡ್ಡೆ ಇಲ್ಲ. ಬುಡದಲ್ಲೊಂದು ಗಂಟು, ಅದರ ಕೆಳಗೆ ದಪ್ಪ ಬೇರುಗಳು, ಮೇಲೆ ಬೀಸಣಿಗೆಯಂತೆ ಹರಡಿದ ಎಲೆಗಳು. ಸಸ್ಯಶಾಸ್ತ್ರದವರು ಇದನ್ನು ಹೆಮರೊಕ್ಯಾಲಿಸ್ ಅನ್ನುತ್ತಾರೆ. ಇದರ ಕಾಡು ಜಾತಿಗಳ ತವರು ಚೀನಾ, ಕೊರಿಯಾ, ಜಪಾನ್ ಕಡೆ. ಒಂದು ಹೂವಿನ ಆಯಸ್ಸು ಸುಮಾರು ಒಂದೇ ದಿನ. ಆದರೆ ಒಂದು ಹೂದಂಟಿನಲ್ಲಿ ಸಾಕಷ್ಟು ಮೊಗ್ಗುಗಳಿರುತ್ತವೆ, ಅವು ಸರದಿಯಲ್ಲಿ ಬಿಚ್ಚಿಕೊಳ್ಳುತ್ತವೆ. ಅದಕ್ಕೇ ತಳಿ ಆರಿಸುವಾಗ ಹೂವಿನ ಅಗಲಕ್ಕಿಂತ ಮೊಗ್ಗಿನ ಲೆಕ್ಕ ಕೇಳುವವರೇ ಜಾಣರು.

ಈಗ ಎಲೆಗೆ ಬರೋಣ. ಕೆಲವು ತಳಿಗಳು ಚಳಿ ಬಂದ ಕೂಡಲೇ ಎಲೆ ಒಣಗಿಸಿಕೊಂಡು ಮಲಗಿಬಿಡುತ್ತವೆ, ವಸಂತದಲ್ಲಿ ಹೊಸದಾಗಿ ಚಿಗುರುತ್ತವೆ. ಇನ್ನು ಕೆಲವು ನಿತ್ಯಹಸಿರು. ಚಳಿಯಲ್ಲೂ ಹೊಸ ಎಲೆ ಬಿಡಲು ನೋಡುತ್ತವೆ. ಇವೆರಡರ ನಡುವೆ ಅರೆಹಸಿರು ಅಂತ ಒಂದು ಗುಂಪಿದೆ. ಎರಡಕ್ಕೂ ಸರಿಯಾಗಿ ಹೊಂದದ್ದನ್ನೆಲ್ಲ ಇದಕ್ಕೆ ಸೇರಿಸಿಬಿಟ್ಟಿದ್ದಾರೆ. ಹಿಮ ಬೀಳುವ ಕಡೆ ನಿತ್ಯಹಸಿರಿನ ಎಷ್ಟೋ ತಳಿಗಳಿಗೆ ಹೆಪ್ಪುಗಟ್ಟುವ ಚಳಿ ತಡೆಯುವುದಿಲ್ಲ. ಬುಡವೇ ಮೆತ್ತಗಾಗಿ ಕೊಳೆಯುತ್ತದೆ. ಚಳಿಯೇ ಇಲ್ಲದ ಕಡೆ ಕಥೆ ಉಲ್ಟಾ. ಮಲಗಬೇಕಾದ ತಳಿಗೆ ಮಲಗಲು ಅವಕಾಶ ಸಿಗುವುದಿಲ್ಲ. ಮೊದಲ ವರ್ಷ ಚೆನ್ನಾಗಿಯೇ ಹೂ ಬಿಡಬಹುದು, ಆಮೇಲೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಗೊಬ್ಬರ ಸಾಲದು ಅಂದುಕೊಂಡು ನಾವು ಸುಮ್ನೆ ಇನ್ನಷ್ಟು ಸುರಿಯುತ್ತೇವೆ! ಹಾಗಂತ ಇದು ಕಲ್ಲಿನಲ್ಲಿ ಕೊರೆದ ನಿಯಮವೂ ಅಲ್ಲ. ಚಳಿ ತಡೆಯುವ ನಿತ್ಯಹಸಿರು ತಳಿಗಳಿವೆ, ಸೆಕೆಗೆ ಹೊಂದಿಕೊಳ್ಳುವ ಮಲಗುವ ತಳಿಗಳೂ ಇವೆ. ನಿಮ್ಮಂಥದೇ ಹವೆಯಲ್ಲಿ ಆ ತಳಿಯನ್ನು ಬೆಳೆದವರು ಸಿಕ್ಕರೆ ಅವರ ಮಾತು ಕೇಳಿ. ಅದು ಕ್ಯಾಟಲಾಗಿನ ಫೋಟೋಗಿಂತ ಜಾಸ್ತಿ ಬೆಲೆಯದು.

ಇನ್ನು ಸುವಾಸನೆ. ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ಲಂಬಿಸಿದರೆ ಕ್ಷಮಿಸಿ.

ಕಾಡು ಜಾತಿಗಳಲ್ಲಿ ಹೆಮರೊಕ್ಯಾಲಿಸ್ ಸಿಟ್ರಿನಾ ಅಂತ ಒಂದಿದೆ. ತಿಳಿ ಹಳದಿ ಹೂ. ಸಂಜೆ ಬಿಚ್ಚುತ್ತದೆ, ರಾತ್ರಿಯಿಡೀ ಘಮ್ ಅನ್ನುತ್ತದೆ. ಇದರ ಪರಾಗಸ್ಪರ್ಶಕ್ಕೆ ಬರುವುದು ಹಾಕ್ ಪತಂಗಗಳು. ಕತ್ತಲಲ್ಲಿ ಕೆಂಪು ಬಣ್ಣ ಯಾರಿಗೆ ಕಾಣಬೇಕು? ತಿಳಿ ಬಣ್ಣ ಮತ್ತು ಪರಿಮಳವೇ ಅಲ್ಲಿ ಕೆಲಸಕ್ಕೆ ಬರುವುದು. ಇನ್ನೊಂದು ಫುಲ್ವಾ. ರಸ್ತೆ ಬದಿಯಲ್ಲೂ ಬೆಳೆಯುವ ಕಿತ್ತಳೆ ಬಣ್ಣದ್ದು. ಹಗಲು ಅರಳುತ್ತದೆ, ಚಿಟ್ಟೆಗಳನ್ನು ಕರೆಯುತ್ತದೆ, ಪರಿಮಳ ಇಲ್ಲವೆನ್ನುವಷ್ಟು ಕಡಿಮೆ. ಇವತ್ತಿನ ಮಿಶ್ರತಳಿಗಳ ವಂಶದಲ್ಲಿ ಈ ಎರಡು ಸ್ವಭಾವಗಳೂ ಬೆರೆತಿವೆ. ಘಮ ಹುಡುಕುವವರು ಹಳದಿ, ಕೆನೆ ಬಣ್ಣಗಳಿಂದ ಹುಡುಕಾಟ ಶುರು ಮಾಡಿದರೆ ಒಳ್ಳೆಯದು ಅನ್ನುವುದಕ್ಕೆ ಕಾರಣ ಇದೇ. ಕಡುಗೆಂಪಿನಲ್ಲಿ ಒಳ್ಳೆಯ ಪರಿಮಳ ಸಿಗುವುದು ಅಪರೂಪ.

ಕಳೆದ ಶತಮಾನದ ಮೊದಲರ್ಧದಲ್ಲಿ ನ್ಯೂಯಾರ್ಕ್ ಬೊಟಾನಿಕಲ್ ಗಾರ್ಡನ್ನಿನ ಎ. ಬಿ. ಸ್ಟೌಟ್ ಈ ಗಿಡಗಳನ್ನು ಪಟ್ಟು ಹಿಡಿದು ಅಡ್ಡತಳಿ ಮಾಡಿದರು. ಹೊಸ ಬಣ್ಣಗಳಿಗೆ ದಾರಿ ತೆರೆದದ್ದು ಅಲ್ಲಿಂದ. ಆಮೇಲೆ ಬಂದವರು ಕೋಲ್ಚಿಸಿನ್ ಅನ್ನುವ ರಾಸಾಯನಿಕ ಬಳಸಿ 22 ಕ್ರೋಮೋಸೋಮಿನ (ಜೀವಕೋಶದಲ್ಲಿ ವಂಶಗುಣ ಹೊರುವ ಎಳೆಗಳು) ಗಿಡಗಳನ್ನು 44ರದ್ದಾಗಿ ಮಾಡಿದರು. ದಪ್ಪ ದಳ, ಗಟ್ಟಿ ದಂಟು, ನೆರಿಗೆ ನೆರಿಗೆ ಅಂಚು, ಎಲ್ಲಾ ಬಂತು. ಎಲ್ಲರ ಕಣ್ಣೂ ನೆರಿಗೆಯ ಮೇಲೆ ನೆಟ್ಟಿದ್ದಾಗ ಮೂಗಿನ ಕಡೆ ಗಮನ ಹೋಗಲಿಲ್ಲ ಅಂತ ನನ್ನ ಅನಿಸಿಕೆ. ಪರಿಮಳದ ತಳಿಗಳಿಗೆಂದೇ ಅಮೆರಿಕದ ಡೇಲಿಲಿ ಸಂಘ ಎಲ್. ಅರ್ನೆಸ್ಟ್ ಪ್ಲೌಫ್ ಹೆಸರಿನಲ್ಲಿ ಪ್ರತ್ಯೇಕ ಪ್ರಶಸ್ತಿ ಕೊಡುತ್ತದೆ. ಆ ಪ್ರಶಸ್ತಿ ಪಡೆದವುಗಳ ಪಟ್ಟಿ ನೋಡಿದರೆ ಹುಡುಕುವ ಕೆಲಸ ಅರ್ಧ ಮುಗಿದಂತೆ. 1920ರ ದಶಕದ ಹೈಪೀರಿಯನ್ ಅನ್ನುವ ನಿಂಬೆ ಹಳದಿ ತಳಿ ಇವತ್ತಿಗೂ ತೋಟಗಳಲ್ಲಿ ಉಳಿದಿರುವುದಕ್ಕೆ ಅದರ ಘಮವೇ ದೊಡ್ಡ ಕಾರಣ. ನೆರಿಗೆ ಗಿರಿಗೆ ಏನೂ ಇಲ್ಲ ಅದಕ್ಕೆ.

ಪರಿಮಳ ಹವೆಯನ್ನೂ ಅವಲಂಬಿಸುತ್ತದೆ. ಬೆಚ್ಚಗಿದ್ದು ಗಾಳಿ ನಿಂತಿದ್ದರೆ ಚೆನ್ನಾಗಿ ತಿಳಿಯುತ್ತದೆ. ಚಳಿಯಲ್ಲಿ, ಜೋರು ಗಾಳಿಯಲ್ಲಿ ಅದೇ ಹೂ ಸಪ್ಪೆ ಅನಿಸುತ್ತದೆ. ಸಂಜೆ ಅರಳುವ ತಳಿಯನ್ನು ಕಿಟಕಿ ಹತ್ತಿರವೋ ಸಂಜೆ ಕೂರುವ ಜಾಗದ ಬಳಿಯೋ ನೆಡಿ. ತೋಟದ ಆಚೆ ತುದಿಯಲ್ಲಿ ನೆಟ್ಟು ವಾಸನೆಯೇ ಇಲ್ಲ ಅಂದರೆ ಗಿಡದ ತಪ್ಪಲ್ಲ, ಅಲ್ವಾ?

ಇನ್ನು ಹೂವಿನ ಗಾತ್ರ. ನಾಲ್ಕೂವರೆ ಇಂಚು ಮತ್ತು ಅದಕ್ಕಿಂತ ಅಗಲ ಇದ್ದರೆ ಡೇಲಿಲಿಯಲ್ಲಿ ದೊಡ್ಡ ಹೂ ಅನ್ನುತ್ತಾರೆ. 7 ಇಂಚು ದಾಟುವ ತಳಿಗಳೂ ಇವೆ. ದೊಡ್ಡದು, ದಪ್ಪ ಅಂಚಿನದು ಅಂದಮೇಲೆ ಅದರದೇ ತಾಪತ್ರಯ. ರಾತ್ರಿ ತಣ್ಣಗಿರುವ ಊರುಗಳಲ್ಲಿ ಇಂಥ ಮೊಗ್ಗು ಬೆಳಿಗ್ಗೆ ಪೂರ್ತಿ ಬಿಚ್ಚುವುದೇ ಇಲ್ಲ. ಅರ್ಧ ಬಿಚ್ಚಿ, ಅಂಚು ಸಿಕ್ಕಿಹಾಕಿಕೊಂಡು, ಮಧ್ಯಾಹ್ನದವರೆಗೆ ಒದ್ದಾಡುತ್ತದೆ. ಅಂಥ ಕಡೆ ತೆಳು ದಳದ, ಸರಳ ಆಕಾರದ ದೊಡ್ಡ ಹೂವುಗಳೇ ವಾಸಿ. ಸುಡು ಬಿಸಿಲಿನ ಊರಲ್ಲಿ ಬೇರೆ ಸಮಸ್ಯೆ. ಕಡು ಕೆಂಪು, ನೇರಳೆ ಹೂಗಳು ಮಧ್ಯಾಹ್ನದ ಹೊತ್ತಿಗೆ ಕರಗಿದಂತೆ ಜೋತುಬೀಳುತ್ತವೆ. ಅವಕ್ಕೆ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಜಾಗ ಕೊಡಿ. ಉಳಿದಂತೆ ದಿನಕ್ಕೆ 6 ಗಂಟೆ ಬಿಸಿಲಿದ್ದರೆ ಚೆನ್ನಾಗಿ ಹೂ ಬಿಡುತ್ತದೆ.

ನೆಡುವ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ನೀರು ನಿಲ್ಲದ ಮಣ್ಣು ಬೇಕು. ಬುಡದ ಗಂಟು ಒಂದು ಇಂಚಿಗಿಂತ ಆಳಕ್ಕೆ ಹೋಗಬಾರದು. ಗಿಡದಿಂದ ಗಿಡಕ್ಕೆ ಒಂದೂವರೆ, ಎರಡು ಅಡಿ ಬಿಡಿ. ಮೊಗ್ಗು ಬರುವ ಹೊತ್ತಿಗೆ ನೀರು ತಪ್ಪಿಸಬೇಡಿ. ಹೂವಿನ ಗಾತ್ರಕ್ಕೆ ಗೊಬ್ಬರಕ್ಕಿಂತ ನೀರೇ ಮುಖ್ಯ. ಸೆಕೆ ಮತ್ತು ತೇವ ಒಟ್ಟಿಗೆ ಇರುವ ತಿಂಗಳುಗಳಲ್ಲಿ ಗಿಡ ಕಿತ್ತು ಬೇರ್ಪಡಿಸಲು ಹೋಗಬೇಡಿ, ಗಾಯವಾದ ಬುಡ ಬೇಗ ಕೊಳೆಯುತ್ತದೆ.

ರೋಗಗಳಲ್ಲಿ ತುಕ್ಕು ರೋಗದ ಬಗ್ಗೆ ಹೇಳಲೇಬೇಕು. ಎಲೆಯ ಮೇಲೆ ಕಿತ್ತಳೆ ಬಣ್ಣದ ಪುಡಿ. ಅಮೆರಿಕದಲ್ಲಿ ಇದು ಮೊದಲು ಕಂಡದ್ದು 2000ದಲ್ಲಿ, ಬೇಗ ಹರಡಿತು. ಗಿಡ ಸಾಯುವುದು ಕಡಿಮೆ, ಆದರೆ ಅಂದ ಕೆಡುತ್ತದೆ. ಈ ಬೂಷ್ಟಿಗೆ ಡೇಲಿಲಿಯ ಮೇಲೆ ಉಳಿಯಲು ಹಸಿ ಎಲೆ ಬೇಕು. ಚಳಿಗೆ ಎಲೆ ಪೂರ್ತಿ ಸಾಯುವ ಕಡೆ ಅದೂ ಅಲ್ಲಿಗೇ ಮುಗಿಯುತ್ತದೆ. ವರ್ಷವಿಡೀ ಹಸಿರಿರುವ ಕಡೆ ಅದಕ್ಕೆ ಮನೆ ಸಿಕ್ಕಂತೆ. ನೋಡಿ, ಮತ್ತೆ ಎಲೆಗೇ ಬಂದೆವು. ಬೆಚ್ಚನೆಯ ಊರಿನವರು ತುಕ್ಕು ತಡೆಯುವ ತಳಿಗಳನ್ನೇ ಆರಿಸಿ. ಹೊಸ ಗಿಡ ಬಂದಾಗ ಕೆಲವು ವಾರ ಬೇರೆ ಇಟ್ಟು ನೋಡಿ. ಮನೆಯಲ್ಲಿ ಬೆಕ್ಕಿದ್ದರೆ ಇನ್ನೊಂದು ಎಚ್ಚರ: ಡೇಲಿಲಿಯ ಯಾವ ಭಾಗ ತಿಂದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ. ಕಚ್ಚಿದೆ ಅಂತ ಅನುಮಾನ ಬಂದರೂ ಸಾಕು, ಕೂಡಲೇ ಪಶುವೈದ್ಯರ ಬಳಿ ಓಡಿ.

ನಿಮ್ಮ ಹವೆಗೆ ಒಗ್ಗುವ ಘಮದ ಗಿಡ ಎಲ್ಲೂ ಸಿಗದಿದ್ದರೆ ನೀವೇ ಹುಟ್ಟಿಸಿಕೊಳ್ಳಬಹುದು. ಅಂಥ ಕಷ್ಟವೇನಿಲ್ಲ. ನಿಮ್ಮಲ್ಲಿ ಗಟ್ಟಿಯಾಗಿ ನಿಂತ ಗಿಡದ ಹೂವಿಗೆ, ಪರಿಮಳದ ಗಿಡದ ಪರಾಗವನ್ನು ಬೆಳಿಗ್ಗೆ ಮುಟ್ಟಿಸಿ. 22 ಕ್ರೋಮೋಸೋಮಿನ ಗಿಡಕ್ಕೆ 22ರದ್ದು, 44ಕ್ಕೆ 44ರದ್ದೇ ಆಗಬೇಕು, ಇಲ್ಲದಿದ್ದರೆ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಸುಮಾರು ಎರಡು ತಿಂಗಳಲ್ಲಿ ಕಾಯಿ ಒಣಗಿ ಬಿರಿಯುತ್ತದೆ, ಒಳಗೆ ಹೊಳೆಯುವ ಕಪ್ಪು ಬೀಜ. ತಂದೆ ತಾಯಿ ಮಲಗುವ ಜಾತಿಯವಾದರೆ ಬೀಜವನ್ನು ತೇವದಲ್ಲಿ ಕೆಲವು ವಾರ ಫ್ರಿಜ್ಜಿನಲ್ಲಿಟ್ಟು ಆಮೇಲೆ ಬಿತ್ತಿ. ಹೂ ನೋಡಲು ಎರಡು ಮೂರು ವರ್ಷ ಕಾಯಬೇಕು. ಅಷ್ಟರಲ್ಲಿ ನಿಮ್ಮ ಊರಿನ ಹವೆಯೇ ತಾಳದ ಗಿಡಗಳನ್ನು ಬೇರ್ಪಡಿಸಿಬಿಟ್ಟಿರುತ್ತದೆ. ಪರಾಗ ಮುಟ್ಟಿಸಿದ ದಿನವೇ ದಂಟಿಗೆ ಒಂದು ಚೀಟಿ ಕಟ್ಟಿ, ತಾಯಿಯ ಹೆಸರು ಮೊದಲು, ತಂದೆಯದು ಆಮೇಲೆ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಮಳೆಗೆ ನಿಲ್ಲುವುದಿಲ್ಲ.