ಚೀಪುವ ಮಾತ್ರೆ ಮತ್ತು ಗಂಟಲಿನ ಬ್ಯಾಕ್ಟೀರಿಯಾ

ಮಾನ್ಯರೇ,

ಮಳೆಗಾಲದ ಸಭೆಗಳಲ್ಲಿ ವೇದಿಕೆಯ ಮೇಲೆ ನಿಂತವರಿಗೆ ಒಂದು ದೃಶ್ಯ ತಪ್ಪದೆ ಕಾಣುತ್ತದೆ: ಎದುರಿಗೆ ಕುಳಿತವರಲ್ಲಿ ನಾಲ್ಕೈದು ಮಂದಿಯ ಒಂದು ಕೆನ್ನೆ ಸ್ವಲ್ಪ ಉಬ್ಬಿರುತ್ತದೆ. ಬಾಯಲ್ಲಿರುವುದು ಲವಂಗವೋ ಕಲ್ಲುಸಕ್ಕರೆಯೋ ಔಷಧಿ ಅಂಗಡಿಯ ಕೆಂಪು ಗುಳಿಗೆಯೋ ಎಂದು ನಾನು ಕೇಳುವುದಿಲ್ಲ. ಸೂಕ್ಷ್ಮಜೀವಿಶಾಸ್ತ್ರವನ್ನು ಬಹುಕಾಲ ಪಾಠ ಮಾಡಿರುವ ನನಗೆ ಇಂದು ಹೇಳಬೇಕೆನಿಸಿರುವುದು ಒಂದೇ ವಿಷಯ. ಆ ಕೆಂಪು ಗುಳಿಗೆ ನಿಮ್ಮ ಗಂಟಲುನೋವನ್ನು ಕಡಿಮೆ ಮಾಡುವುದು ನಿಜ, ಅದರಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ರಾಸಾಯನಿಕ ಇರುವುದೂ ನಿಜ. ಆದರೆ ಎರಡನೆಯದರಿಂದಲೇ ಮೊದಲನೆಯದು ಆಯಿತೆಂದು ತಿಳಿಯುವುದು ಸರಿಯಲ್ಲ.

ಸ್ಟ್ರೆಪ್ಸಿಲ್ಸ್ ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಒಮ್ಮೆ ಓದಿ ನೋಡಿ. ಇಂಗ್ಲೆಂಡಿನ ಬೂಟ್ಸ್ ಕಂಪನಿ 1958ರಲ್ಲಿ ಹೊರತಂದ ಈ ಗುಳಿಗೆಯಲ್ಲಿ ಎರಡು ನಂಜುನಿವಾರಕಗಳಿವೆ: ಅಮೈಲ್‌ಮೆಟಾಕ್ರೆಸಾಲ್ 0.6 ಮಿಲಿಗ್ರಾಂ, ಡೈಕ್ಲೋರೊಬೆಂಜೈಲ್ ಆಲ್ಕೋಹಾಲ್ 1.2 ಮಿಲಿಗ್ರಾಂ. ಒಟ್ಟು 1.8 ಮಿಲಿಗ್ರಾಂ. ಸುಮಾರು ಎರಡೂವರೆ ಗ್ರಾಂ ತೂಗುವ ಗುಳಿಗೆಯ ಉಳಿದ ಭಾಗವೆಲ್ಲ ಬಹುಪಾಲು ಸಕ್ಕರೆ ಪಾಕವೇ, ಮಧುಮೇಹ ಇರುವವರು ಗಮನಿಸಬೇಕು. ಕ್ರೆಸಾಲ್ ಎಂಬ ಹೆಸರು ಹೊಸದೆನಿಸಿದರೂ ವಾಸನೆ ನಮಗೆ ಹಳೆಯದು. ನೆಲ ಒರೆಸುವ ಕಪ್ಪು ಫಿನಾಯಿಲ್ ಇದೇ ಕುಲದ್ದು. ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯಗಳ ನಂಜನ್ನು ತಡೆದ ಬಗೆಯನ್ನು 1867ರಲ್ಲಿ ಪ್ರಕಟಿಸಿದನಲ್ಲ, ಆ ಆಮ್ಲವೂ ಈ ವಂಶದ ಹಿರಿಯ.

ಈ ಎರಡು ರಾಸಾಯನಿಕಗಳು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಕೆಡಿಸುತ್ತವೆ. ಪರೀಕ್ಷಾನಳಿಕೆಯಲ್ಲಿ ಗಂಟಲುನೋವಿನ ಬ್ಯಾಕ್ಟೀರಿಯಾಗಳ ಜೊತೆ ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಅವುಗಳ ಸಂಖ್ಯೆ ಇಳಿಯುತ್ತದೆ. ಆದರೆ ನಳಿಕೆಯಲ್ಲಿ ಇಲ್ಲದ ಒಂದು ಸಂಗತಿ ಗಂಟಲಿನಲ್ಲಿದೆ: ನುಂಗುವಿಕೆ. ಒಂದು ಅಂದಾಜು ಲೆಕ್ಕ ಹಾಕೋಣ. ಗುಳಿಗೆ ಕರಗಲು ಏಳು ನಿಮಿಷ, ಚೀಪುವಾಗ ನಿಮಿಷಕ್ಕೆ ಎರಡು ಮಿಲಿಲೀಟರಿನಂತೆ ಜೊಲ್ಲು ಎಂದಿಟ್ಟುಕೊಂಡರೆ, 1.8 ಮಿಲಿಗ್ರಾಂ ಔಷಧ ಹದಿನಾಲ್ಕು ಮಿಲಿಲೀಟರಿನಲ್ಲಿ ಹಂಚಿಹೋಗಿ, ಬಹುಪಾಲು ಗುಟುಕು ಗುಟುಕಾಗಿ ಹೊಟ್ಟೆ ಸೇರುತ್ತದೆ. ಟಾನ್ಸಿಲ್‌ನ ಮೇಲ್ಮೈಯನ್ನು ಅದು ಸವರಿಕೊಂಡು ಹೋಗುತ್ತದೆ, ನಿಲ್ಲುವುದಿಲ್ಲ. ಟಾನ್ಸಿಲ್ ಎಂಬುದೋ ನುಣುಪಾದ ಗೋಲಿಯಲ್ಲ. ಅದರ ತುಂಬ ಆಳವಾದ ಕವಲು ಬಿಲಗಳಿವೆ, ಬ್ಯಾಕ್ಟೀರಿಯಾ ಆ ಬಿಲಗಳಲ್ಲಿ ಗುಂಪುಗೂಡುತ್ತದೆ, ಕೆಲವೊಮ್ಮೆ ನಮ್ಮ ಜೀವಕೋಶಗಳ ಒಳಗೇ ಸೇರಿಕೊಳ್ಳುತ್ತದೆ. ಅಂಗಳಕ್ಕೆ ಫಿನಾಯಿಲ್ ಚಿಮುಕಿಸಿದರೆ ಬಿಲದೊಳಗಿನ ಹೆಗ್ಗಣಕ್ಕೆ ಏನಾದೀತು?

ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೂ ಒಂದಿದೆ: ಕೊಲ್ಲಲು ಅಲ್ಲಿ ಬ್ಯಾಕ್ಟೀರಿಯಾ ಇದೆಯೇ? ಗಂಟಲುನೋವಿನ ಬಹುಪಾಲು ಪ್ರಕರಣಗಳಿಗೆ ಕಾರಣ ವೈರಸ್ಸುಗಳು. ಇಂದು ನಾವು ಚರ್ಚಿಸುತ್ತಿರುವ ಮುಖ್ಯ ಬ್ಯಾಕ್ಟೀರಿಯಾ, ಅಂದರೆ ಎ ಗುಂಪಿನ ಸ್ಟ್ರೆಪ್ಟೊಕಾಕಸ್, ವಯಸ್ಕರ ಗಂಟಲುನೋವಿನಲ್ಲಿ ಶೇಕಡಾ 5ರಿಂದ 15ರಷ್ಟು, ಮಕ್ಕಳಲ್ಲಿ ಶೇಕಡಾ 20ರಿಂದ 30ರಷ್ಟು ಕಂಡುಬರುತ್ತದೆ. ಉಳಿದವರಲ್ಲಿ ಬಹುಪಾಲು ಮಂದಿಯ ಬಾಯಲ್ಲಿ ನಂಜುನಿವಾರಕಕ್ಕೆ ಸಿಗುವುದು ಅಲ್ಲಿಯೇ ಸಂಸಾರ ಹೂಡಿರುವ ನಿರುಪದ್ರವಿ ಬ್ಯಾಕ್ಟೀರಿಯಾಗಳು ಮಾತ್ರ.

ಹಾಗಿದ್ದರೂ ಆರಾಮ ಸಿಗುವುದೇಕೆ? ಔಷಧವಿಲ್ಲದ, ನೋಡಲು ಅದೇ ತೆರನಾದ ಗುಳಿಗೆಯೊಂದಿಗೆ ಹೋಲಿಸಿ ನಡೆಸಿದ ಪರೀಕ್ಷೆಗಳಲ್ಲಿ ಔಷಧವಿದ್ದ ಗುಳಿಗೆಯೇ ಮೇಲುಗೈ ಸಾಧಿಸಿದೆ. ಐದು ನಿಮಿಷದಲ್ಲಿ ಶಮನ ಆರಂಭವಾಗಿ ಸುಮಾರು ಎರಡು ಗಂಟೆ ಉಳಿಯುತ್ತದೆ, ಆದರೆ ವ್ಯತ್ಯಾಸ ಸಾಧಾರಣವಾದದ್ದು. ಬ್ಯಾಕ್ಟೀರಿಯಾ ಸತ್ತು, ಉರಿಯೂತ ಇಳಿದು, ಆಮೇಲೆ ನೋವು ತಗ್ಗುವುದಾದರೆ ಐದು ನಿಮಿಷ ಸಾಲದು. ಸುಳಿವು ಬೇರೆ ಕಡೆ ಇದೆ. ನೋವಿನ ಸಂದೇಶ ನರದಲ್ಲಿ ಸಾಗಲು ಅದರ ಪೊರೆಯಲ್ಲಿರುವ ಸೋಡಿಯಂ ವಾಹಿನಿಗಳೆಂಬ ಸೂಕ್ಷ್ಮ ದ್ವಾರಗಳು ತೆರೆದುಕೊಳ್ಳಬೇಕು. ಈ ಎರಡು ರಾಸಾಯನಿಕಗಳು ಆ ವಾಹಿನಿಗಳನ್ನು ತಡೆಯುತ್ತವೆ ಎಂಬುದನ್ನು ಪ್ರಯೋಗಾಲಯದಲ್ಲಿ ತೋರಿಸಲಾಗಿದೆ. ಹಲ್ಲು ಕೀಳುವ ಮುನ್ನ ಕೊಡುವ ಮರಗಟ್ಟಿಸುವ ಚುಚ್ಚುಮದ್ದಿನ ತಂತ್ರವೂ ಇದೇ. ನಮ್ಮ ಅಜ್ಜಿಯರು ದವಡೆಗೆ ಒತ್ತಿಕೊಳ್ಳುತ್ತಿದ್ದ ಲವಂಗದ ಯೂಜಿನಾಲ್ ಕೂಡ ಜುಮ್ಮೆನಿಸಿ ಮರಗಟ್ಟಿಸುವ ವಸ್ತು, ಜೊತೆಗೆ ನಂಜುನಿವಾರಕ. ಇನ್ನು ಏನನ್ನೇ ಚೀಪಿದರೂ ಜೊಲ್ಲು ಊರಿ ಒಣಗಿದ ಗಂಟಲು ತೇವಗೊಳ್ಳುತ್ತದೆ, ಆದ್ದರಿಂದ ಕಲ್ಲುಸಕ್ಕರೆಯನ್ನೂ ಹೀಗಳೆಯುವಂತಿಲ್ಲ. ಗುಳಿಗೆಯ ಹೊದಿಕೆಯ ಮೇಲೆ ‘ನೋವು ಮರೆಸುವುದು’ ಎಂದು ಬರೆದಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ.

ಈಗ ಆ ಬ್ಯಾಕ್ಟೀರಿಯಾವನ್ನೇ ಹತ್ತಿರದಿಂದ ನೋಡೋಣ. ಗಂಟಲಿನಿಂದ ಹತ್ತಿಯ ಕಡ್ಡಿಯಲ್ಲಿ ತೆಗೆದ ದ್ರವವನ್ನು, ಬ್ಯಾಕ್ಟೀರಿಯಾ ಬೆಳೆಸಲು ಬಳಸುವ, ಕುರಿಯ ರಕ್ತ ಬೆರೆಸಿದ ಕೆಂಪು ಅಗರ್ ತಟ್ಟೆಯ ಮೇಲೆ ಗೀಚಿ, ಒಂದು ರಾತ್ರಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಡುತ್ತೇವೆ. ಬೆಳಿಗ್ಗೆ ತಟ್ಟೆಯನ್ನು ಬೆಳಕಿಗೆ ಹಿಡಿದರೆ, ಸಾಸಿವೆಗಿಂತ ಚಿಕ್ಕದಾದ ಬೂದುಬಿಳಿ ಚುಕ್ಕೆಗಳು, ಪ್ರತಿ ಚುಕ್ಕೆಯ ಸುತ್ತ ಅದಕ್ಕಿಂತ ಅಗಲವಾದ ಗಾಜಿನಂಥ ವಲಯ. ಆ ವಲಯದಲ್ಲಿದ್ದ ಕೆಂಪು ರಕ್ತಕಣಗಳೆಲ್ಲ ಒಡೆದುಹೋಗಿವೆ, ಆಚೆ ಹಿಡಿದ ಬೆರಳು ಈಚೆಗೆ ಕಾಣುತ್ತದೆ. ಬ್ಯಾಸಿಟ್ರಾಸಿನ್ ಎಂಬ ಪ್ರತಿಜೀವಕ ಸವರಿದ ಕಾಗದದ ಬಿಲ್ಲೆಯನ್ನು ಅಲ್ಲಿಟ್ಟರೆ ಅದರ ಸುತ್ತ ಈ ಜೀವಿ ಬೆಳೆಯುವುದಿಲ್ಲ. ಗುರುತು ಹಿಡಿಯಲು ನಾವು ಬಳಸುವ ಹಳೆಯ ಉಪಾಯವಿದು. ಸೂಕ್ಷ್ಮದರ್ಶಕದಲ್ಲಿ ಜಪಸರದ ಮಣಿಗಳಂತೆ ಸಾಲಾಗಿ ಕಾಣುವ ಇವುಗಳಿಗೆ 1874ರಲ್ಲಿ ಸ್ಟ್ರೆಪ್ಟೊಕಾಕಸ್ ಎಂದು ಹೆಸರಿಟ್ಟವನು ಥಿಯೋಡೋರ್ ಬಿಲ್‌ರೋತ್. ಅವುಗಳನ್ನು ಎ, ಬಿ, ಸಿ ಎಂದು ಗುಂಪುಗಳಾಗಿ ವಿಂಗಡಿಸುವ ವಿಧಾನವನ್ನು 1933ರಲ್ಲಿ ಕೊಟ್ಟವಳು ರೆಬೆಕಾ ಲ್ಯಾನ್ಸ್‌ಫೀಲ್ಡ್.

ಎ ಗುಂಪಿನ ಜೀವಿಯ ಮೈಮೇಲೆ ಎಂ ಪ್ರೋಟೀನ್ ಎಂಬ ರೋಮದಂತಹ ಹೊದಿಕೆ ಇದೆ. ಅದರ ಕೆಲವು ಭಾಗಗಳು ನಮ್ಮ ಹೃದಯದ ಪ್ರೋಟೀನುಗಳನ್ನು ಹೋಲುತ್ತವೆ. ಗಂಟಲು ವಾಸಿಯಾಗಿ ಎರಡು ಮೂರು ವಾರಗಳಾದ ಮೇಲೆ, ಕೆಲವು ಮಕ್ಕಳಲ್ಲಿ, ಆ ಬ್ಯಾಕ್ಟೀರಿಯಾದ ವಿರುದ್ಧ ಸಿದ್ಧವಾದ ರಕ್ಷಣಾ ವ್ಯವಸ್ಥೆ ಕೀಲುಗಳ ಮೇಲೂ ಹೃದಯದ ಕವಾಟಗಳ ಮೇಲೂ ತಿರುಗಿ ಬೀಳುತ್ತದೆ. ಇದೇ ರುಮ್ಯಾಟಿಕ್ ಜ್ವರ. ಇದು ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಎಂಬುದು ವೈದ್ಯರಲ್ಲಿ ಹಳೆಯ ಮಾತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಕಿರಿದಾದ ಮೈಟ್ರಲ್ ಎಂಬ ಹೃದಯ ಕವಾಟವನ್ನು ಬಲೂನಿನಿಂದ ಹಿಗ್ಗಿಸಿಕೊಳ್ಳಲು ಬರುವವರಲ್ಲಿ ಹೆಚ್ಚಿನವರ ಕಥೆ ಬಾಲ್ಯದ, ಯಾರೂ ನೆನಪಿಟ್ಟುಕೊಳ್ಳದ ಒಂದು ಗಂಟಲುನೋವಿನಿಂದ ಶುರುವಾಗಿರುತ್ತದೆ.

ಇತರ ಬ್ಯಾಕ್ಟೀರಿಯಾಗಳೂ ಇವೆ: ಸಿ ಮತ್ತು ಜಿ ಗುಂಪಿನ ಸ್ಟ್ರೆಪ್ಟೊಕಾಕಸ್‌ಗಳು, ಹರೆಯದವರಲ್ಲಿ ಫ್ಯೂಸೊಬ್ಯಾಕ್ಟೀರಿಯಂ. ಇವುಗಳಲ್ಲಿ ಗಂಟಲಮಾರಿಯನ್ನು, ಅಂದರೆ ಡಿಫ್ತೀರಿಯಾವನ್ನು, ಬೇರೆಯಾಗಿಯೇ ಹೇಳಬೇಕು. ಗಂಟಲಿನಲ್ಲಿ ಬೂದುಬಣ್ಣದ, ಕೀಳಲು ಹೋದರೆ ರಕ್ತ ಒಸರುವ ಪೊರೆ ಕಂಡರೆ ಗುಳಿಗೆಯ ಮಾತೇ ಬೇಡ, ಆ ಕ್ಷಣವೇ ಆಸ್ಪತ್ರೆ.

ಸ್ಟ್ರೆಪ್ಟೊಕಾಕಸ್ಸಿನ ಸಂದೇಹ ಯಾವಾಗ ಬರಬೇಕು? 1981ರಿಂದ ಬಳಕೆಯಲ್ಲಿರುವ, ರಾಬರ್ಟ್ ಸೆಂಟರ್ ಎಂಬ ವೈದ್ಯನ ಹೆಸರಿನ ಮಾನದಂಡ ನಾಲ್ಕು ಲಕ್ಷಣಗಳನ್ನು ನೋಡುತ್ತದೆ: ಜ್ವರ, ಟಾನ್ಸಿಲ್ ಮೇಲೆ ಕೀವು, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ, ಊದಿದ ದುಗ್ಧಗ್ರಂಥಿಗಳು, ಮತ್ತು ಕೆಮ್ಮು ಇಲ್ಲದಿರುವುದು. ಕೊನೆಯದನ್ನು ನಮ್ಮವರು ತಲೆಕೆಳಗು ಮಾಡಿಕೊಂಡಿದ್ದಾರೆ. ಮೂಗು ಸೋರಿ ಕೆಮ್ಮು ಬಂದರೆ ಅಂಗಡಿಯಿಂದ ಅಜಿತ್ರೋಮೈಸಿನ್ ಎಂಬ ಪ್ರತಿಜೀವಕದ ಮೂರು ಮಾತ್ರೆ ತಂದು ನುಂಗುತ್ತಾರೆ, ಕೆಮ್ಮಿಲ್ಲದ ಜ್ವರಕ್ಕೆ ಗುಳಿಗೆ ಚೀಪುತ್ತಾರೆ.

ಕೆಲವು ವರ್ಷಗಳ ಹಿಂದೆ ನೆರೆಮನೆಯ ತಾಯಿಯೊಬ್ಬರು ಒಂಬತ್ತು ವರ್ಷದ ಮಗನನ್ನು ಕರೆತಂದರು. ಐದು ದಿನಗಳಿಂದ ಗಂಟಲುನೋವು, ಜ್ವರ, ಕೆಮ್ಮಿಲ್ಲ. ಹುಡುಗನ ನಾಲಿಗೆ ಗುಳಿಗೆಯ ಬಣ್ಣಕ್ಕೆ ಕಡುಕೆಂಪಾಗಿತ್ತು, ಜೇಬಿನಲ್ಲಿ ಖಾಲಿಯಾದ ಪಟ್ಟಿ. ಚೀಪಿದಾಗ ಊಟ ಸೇರುತ್ತದೆ, ಆಮೇಲೆ ಮತ್ತೆ ನೋವು ಎಂದರು. ವೈದ್ಯರ ಬಳಿ ಕಳಿಸಿದೆ. ಮಾದರಿ ನಮ್ಮ ಪ್ರಯೋಗಾಲಯಕ್ಕೇ ಬಂತು, ಮರುದಿನ ತಟ್ಟೆಯಲ್ಲಿ ಆ ಗಾಜಿನ ವಲಯಗಳು. ಹೊತ್ತು ಮೀರಿರಲಿಲ್ಲ: ಗಂಟಲುನೋವು ಶುರುವಾಗಿ ಒಂಬತ್ತು ದಿನಗಳೊಳಗೆ ಪೆನಿಸಿಲಿನ್ ಆರಂಭಿಸಿದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು, ಮತ್ತು ಇಷ್ಟು ದಶಕಗಳ ಬಳಕೆಯ ನಂತರವೂ ಈ ಜೀವಿ ಪೆನಿಸಿಲಿನ್‌ಗೆ ಮಣಿಯುತ್ತಲೇ ಇದೆ. ವೈದ್ಯರು ಹತ್ತು ದಿನಕ್ಕೆ ಬರೆದುಕೊಟ್ಟರು. ಮೂರನೆಯ ದಿನ ಜ್ವರ ಬಿಟ್ಟಿತು, ಹುಡುಗ ಆಡಲು ಹೋದ. ಸಂಜೆ ತಾಯಿ ಬಂದು, ಇನ್ನು ಮಾತ್ರೆ ನಿಲ್ಲಿಸಿ, ಬೇಕಾದರೆ ಆ ಕೆಂಪು ಗುಳಿಗೆ ಕೊಡಲೇ ಎಂದು ಕೇಳಿದರು. ಕೆಂಪು ಗುಳಿಗೆ ನಿಮ್ಮಿಷ್ಟ, ಪೆನಿಸಿಲಿನ್ ಇನ್ನೂ ಏಳು ದಿನ ಎಂದೆ.