ವಿಮಾನ ಬಂದರೆ ಮಾತ್ರ ಪಾಠ

ಕೇಳುಗ ಮಿತ್ರರೇ, ನಮಸ್ಕಾರ.

ಉಸಿರು ನಿಂತವರ ಎದೆ ಒತ್ತಿ ಜೀವ ಉಳಿಸುವುದನ್ನು ಕಲಿಸಲು ಒಂದು ಗೊಂಬೆ ಇರುತ್ತದೆ. ತಲೆ ಮತ್ತು ಎದೆ ಮಾತ್ರ, ಕೈಕಾಲು ಇಲ್ಲ. ನೀವೂ ಯಾವುದಾದರೂ ಪ್ರಥಮ ಚಿಕಿತ್ಸೆ ಶಿಬಿರದಲ್ಲಿ ನೋಡಿರಬಹುದು. ಅಂಥ ನಾಲ್ಕು ಗೊಂಬೆಗಳನ್ನು ಚೀಲಕ್ಕೆ ತುಂಬಿಕೊಂಡು ಕೆನಡಾದ ಉತ್ತರದ ಊರುಗಳಿಗೆ ಹೋಗಿ, ಕೆಲಸದ ಜಾಗದ ಸುರಕ್ಷತೆ ಕಲಿಸುವುದು ನನ್ನ ಕೆಲಸ. ಅಲ್ಲಿನ ವಿಮಾನಗಳು ಚಿಕ್ಕವು. ಸಾಮಾನು ತೂಗಿ ತೂಗಿ ದುಡ್ಡು ತೆಗೆದುಕೊಳ್ಳುತ್ತಾರೆ. ಗೊಂಬೆಗಳು ನನ್ನ ಜೊತೆಗೇ ಹೋಗುತ್ತವೆ, ನನ್ನ ಜೊತೆಗೇ ವಾಪಸ್ ಬರುತ್ತವೆ. ಊರಲ್ಲಿ ಏನೂ ಉಳಿಯುವುದಿಲ್ಲ. ಇದು ಬಹಳ ವರ್ಷದಿಂದ ನನ್ನನ್ನು ಕಾಡುತ್ತಿದೆ.

ಅಲ್ಲಿನ ನುನಾವುಟ್ ಎಂಬ ಪ್ರದೇಶ 1999ರ ಏಪ್ರಿಲ್ 1ರಂದು ಬೇರೆಯಾಗಿ ಹುಟ್ಟಿತು. ವಿಸ್ತೀರ್ಣ ನಮ್ಮ ಕರ್ನಾಟಕದ ಹತ್ತು ಪಟ್ಟು. ಜನ ಎಷ್ಟು ಗೊತ್ತಾ? 2021ರ ಜನಗಣತಿಯಲ್ಲಿ 36,858. ನಮ್ಮ ಕಡೆಯ ಒಂದು ತಾಲೂಕು ಕೇಂದ್ರದಷ್ಟು. ಹೆಚ್ಚಿನವರು ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನ. 25 ಊರುಗಳು, ಒಂದರಿಂದ ಇನ್ನೊಂದಕ್ಕೆ ರಸ್ತೆಯೇ ಇಲ್ಲ. ಬೇಸಿಗೆಯಲ್ಲಿ ಸಮುದ್ರದ ಮಂಜುಗಡ್ಡೆ ಕರಗಿದಾಗ ಸಾಮಾನಿನ ಹಡಗು ಬರುತ್ತದೆ, ಉಳಿದಂತೆ ಎಲ್ಲದಕ್ಕೂ ವಿಮಾನವೇ ಗತಿ.

ಇಂಥ ಊರಲ್ಲಿ ಏನು ಕೆಲಸ ಇರುತ್ತದೆ, ಯಾವ ಅಪಾಯ ಇರುತ್ತದೆ ಅಂತ ಕೇಳುತ್ತೀರಿ ಅಲ್ವಾ? ನೀರಿನ ಟ್ಯಾಂಕರ್ ಓಡಿಸುವವನನ್ನೇ ನೋಡಿ. ನೆಲ ಆಳದವರೆಗೆ ಹೆಪ್ಪುಗಟ್ಟಿರುವುದರಿಂದ ಹೆಚ್ಚಿನ ಕಡೆ ಪೈಪು ಹೂಳಿಲ್ಲ, ಮನೆಮನೆಗೂ ಟ್ಯಾಂಕರಿನಲ್ಲೇ ನೀರು. ಡಿಸೆಂಬರ್ ತಿಂಗಳು, ಮಧ್ಯಾಹ್ನವೇ ಕತ್ತಲು, ಮೈನಸ್ 35 ಡಿಗ್ರಿ. ಒದ್ದೆಯಾದ ಪೈಪನ್ನು ಹೆಗಲ ಮೇಲೆ ಎಳೆದುಕೊಂಡು, ಮಂಜುಗಟ್ಟಿದ ಮೆಟ್ಟಿಲು ಹತ್ತಿ, ಮನೆಯ ಟ್ಯಾಂಕಿಗೆ ಅದನ್ನು ಸಿಕ್ಕಿಸಿ, ತುಂಬುವವರೆಗೆ ಅಲ್ಲೇ ನಿಂತು, ಮತ್ತೆ ಇಳಿದು, ಲಾರಿ ಹಿಂದಕ್ಕೆ ತೆಗೆಯಬೇಕು, ಅದೂ ಶಾಲೆ ಬಿಟ್ಟ ಮಕ್ಕಳು ಓಡಾಡುವ ದಾರಿಯಲ್ಲಿ. ಗಾಳಿಯೂ ಸೇರಿ ಮೈನಸ್ 40ಕ್ಕಿಂತ ಕೆಳಗೆ ಹೋದರೆ ಮುಚ್ಚದ ಚರ್ಮ ಐದು-ಹತ್ತು ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಗ್ಯಾರೇಜಿನಲ್ಲಿ ಇನ್ನೊಂದು ಅಪಾಯ. ಚಳಿಗೆ ಬಾಗಿಲು ಮುಚ್ಚಿ ಇಂಜಿನ್ ಚಾಲೂ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಕೊಳಚೆ ನೀರು ಎತ್ತುವ ಲಾರಿಯ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್. ನಮ್ಮೂರುಗಳಲ್ಲಿ ಮ್ಯಾನ್‌ಹೋಲಿಗೆ ಇಳಿದವರನ್ನು ಕೊಲ್ಲುವುದೂ ಇದೇ ಅನಿಲ. ಒಬ್ಬ ಬಿದ್ದ, ಅವನನ್ನು ಎತ್ತಲು ಇನ್ನೊಬ್ಬ ಇಳಿದ, ಅವನೂ ಬಿದ್ದ. ಈ ಸುದ್ದಿಯನ್ನು ನಾವು ಎಷ್ಟು ಸಲ ಓದಿದ್ದೇವೆ! ಆ ಎರಡನೆಯವನು ಇಳಿಯಬಾರದು ಎನ್ನುವುದನ್ನು ಯಾರೋ ಮೊದಲೇ ಕೂತು ಕಲಿಸಿರಬೇಕು. ಆ ಹೊತ್ತಿಗೆ ಯೋಚಿಸಿ ಹೊಳೆಯುವಂಥದ್ದಲ್ಲ ಅದು.

ಅಲ್ಲಿನ ದೊಡ್ಡ ಗಣಿಗಳ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಅವರಿಗೆ ಸುರಕ್ಷತೆಗೇ ಬೇರೆ ವಿಭಾಗ ಇದೆ, ರಕ್ಷಣಾ ತಂಡ ಇದೆ, ದುಡ್ಡೂ ಇದೆ. ಕೆಲವೇ ನೂರು ಜನರ ಊರಿನ ಗ್ಯಾರೇಜಿಗೆ ಅದು ಯಾವುದೂ ಇಲ್ಲ. ಆರೋಗ್ಯ ಕೇಂದ್ರದಲ್ಲಿ ನರ್ಸ್ ಇರುತ್ತಾರೆ. ಡಾಕ್ಟರು ಬೇಕೆಂದರೆ ವಿಮಾನ ಬರಬೇಕು. ಹಿಮಗಾಳಿ ಎದ್ದರೆ ಅದೂ ಬರುವುದಿಲ್ಲ, ಒಂದು ದಿನ, ಎರಡು ದಿನ. ನಗರದಲ್ಲಿ ಪ್ರಥಮ ಚಿಕಿತ್ಸೆ ಅಂದರೆ ಆಂಬ್ಯುಲೆನ್ಸ್ ಬರುವ ತನಕ. ಇಲ್ಲಿ ಪಕ್ಕದಲ್ಲಿ ಕೆಲಸ ಮಾಡುತ್ತಿರುವವನೇ ಆಂಬ್ಯುಲೆನ್ಸ್.

ಇನ್ನು ದುಡ್ಡಿನ ವಿಷಯ. ನುನಾವುಟ್‌ಗೂ ಪಕ್ಕದ ನಾರ್ತ್‌ವೆಸ್ಟ್ ಟೆರಿಟರೀಸ್ ಎಂಬ ಪ್ರದೇಶಕ್ಕೂ ಸೇರಿ ಕಾರ್ಮಿಕರ ಸುರಕ್ಷತೆ ಮತ್ತು ಪರಿಹಾರ ಆಯೋಗ ಅಂತ ಒಂದೇ ಸಂಸ್ಥೆ. ಕೆಲಸ ಕೊಡುವವರು ಪ್ರತಿ 100 ಡಾಲರ್ ಸಂಬಳಕ್ಕೆ ಇಷ್ಟು ಅಂತ ಅದಕ್ಕೆ ಕಟ್ಟಬೇಕು. ಅಪಾಯ ಜಾಸ್ತಿ ಇರುವ ಕೆಲಸಕ್ಕೆ ದರವೂ ಜಾಸ್ತಿ. ಕೆಲಸಗಾರನ ಜೇಬಿನಿಂದ ಒಂದು ಪೈಸೆಯೂ ಇಲ್ಲ. ಈ ಪದ್ಧತಿಯ ಬೇರು ಕೆನಡಾದ ಒಂಟಾರಿಯೋ ಪ್ರಾಂತ್ಯದ ನ್ಯಾಯಾಧೀಶ ವಿಲಿಯಂ ಮೆರೆಡಿತ್ 1913ರಲ್ಲಿ ಕೊಟ್ಟ ವರದಿಯಲ್ಲಿದೆ. ಕೆಲಸಗಾರ ಮಾಲೀಕನ ಮೇಲೆ ಕೇಸು ಹಾಕುವಂತಿಲ್ಲ, ಮಾಲೀಕರೆಲ್ಲ ಸೇರಿ ತುಂಬಿದ ನಿಧಿಯಿಂದ, ತಪ್ಪು ಯಾರದು ಅಂತ ಕೇಳದೆ, ಪೆಟ್ಟಾದವನಿಗೆ ಪರಿಹಾರ. ಒಳ್ಳೆಯ ಏರ್ಪಾಡು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪರಿಹಾರ ಸಿಗುವುದು ಪೆಟ್ಟಾದ ಮೇಲೆ. ಪೆಟ್ಟಾಗದ ಹಾಗೆ ಕಲಿಸುವುದಕ್ಕೆ ಊರಿನ ಸ್ಥಳೀಯ ಆಡಳಿತ ಬೇರೆ ಬೇರೆ ಅನುದಾನಗಳ ಬಾಗಿಲು ತಟ್ಟಬೇಕು.

ನಾನು ತುಂಬುವ ಅರ್ಜಿಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ: ತಲೆಗೆ ಎಷ್ಟು ಖರ್ಚು? ನಗರದ ತರಗತಿಯಲ್ಲಿ 24 ಜನ ಕೂರುತ್ತಾರೆ. ಇಲ್ಲಿ ಎಂಟು ಜನ, ಯಾಕೆಂದರೆ ಊರಲ್ಲಿ ಆ ಕೆಲಸ ಮಾಡುವವರೇ ಎಂಟು ಜನ. ವಿಮಾನ, ವಸತಿ, ಗಾಳಿ ಎದ್ದರೆ ಕಾಯುವ ದಿನಗಳು, ಇಷ್ಟನ್ನೂ ಎಂಟರಿಂದ ಭಾಗಿಸಿದರೆ ಯಾವ ಊರು ತಾನೇ ಗೆಲ್ಲುತ್ತದೆ? ಲೆಕ್ಕ ಹಾಕುವ ರೀತಿಯೇ ಅವರನ್ನು ಹೊರಗೆ ಇಡುತ್ತದೆ. ಸಾಲದ್ದಕ್ಕೆ, ನಮ್ಮಲ್ಲಿನ ಹಾಗೆಯೇ ಅಲ್ಲೂ ಸರ್ಕಾರದ ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಹಣ ಮಂಜೂರಾಗುವುದು ತಡ, ಖರ್ಚು ಮಾಡಿ ಮುಗಿಸುವ ಗಡಿಬಿಡಿ ಫೆಬ್ರುವರಿ-ಮಾರ್ಚಿನಲ್ಲಿ. ಅಂದರೆ ಕೊರೆಯುವ ಚಳಿಯಲ್ಲಿ, ವಿಮಾನ ರದ್ದಾಗುವ ಕಾಲದಲ್ಲಿ. ಒಂದು ಸಲ ಎರಡು ದಿನ ವಿಮಾನ ನಿಲ್ದಾಣದಲ್ಲೇ ಕೂತಿದ್ದೆ. ಎರಡು ದಿನದ ಪಾಠವನ್ನು ಒಂದೇ ದಿನದಲ್ಲಿ ಮುಗಿಸಬೇಕಾಯಿತು. ಇವತ್ತಿಗೂ ಆ ತರಗತಿ ನೆನಪಾದರೆ ಸಂಕಟ ಆಗುತ್ತದೆ. ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟು ಬಾಳುವುದು ಮೂರು ವರ್ಷ. ಆಮೇಲೆ ಮತ್ತೆ ಅರ್ಜಿ, ಮತ್ತೆ ವಿಮಾನ.

ಆನ್‌ಲೈನಿನಲ್ಲಿ ಕಲಿಸಬಹುದಲ್ವಾ ಅಂತ ಕೇಳುವವರಿದ್ದಾರೆ. ಸ್ವಲ್ಪ ಮಟ್ಟಿಗೆ ಸರಿ. ಆದರೆ ಎದೆ ಎಷ್ಟು ಆಳ ಒತ್ತಬೇಕು ಎನ್ನುವುದು ಕೈಗೆ ಗೊತ್ತಾಗಬೇಕು, ಕಣ್ಣಿಗಲ್ಲ. ಭಾಷೆಯೂ ಬೇಕು. ಒಂದು ಊರಲ್ಲಿ ನನ್ನ ಪಾಠವನ್ನು ಇನುಯಿಟ್ ಜನರ ಇನುಕ್ಟಿಟುಟ್ ಭಾಷೆಗೆ ಹೇಳಲು ಹಿರಿಯ ಹೆಂಗಸೊಬ್ಬರು ಬಂದಿದ್ದರು. ನಾನು 'ಹಜಾರ್ಡ್', ಅಂದರೆ ಅಪಾಯ, ಅಂತ ಒಂದು ಪದ ಹೇಳಿದೆ. ಅವರು ಪೂರ್ತಿ ಒಂದು ನಿಮಿಷ ಮಾತಾಡಿದರು. ಅದುವರೆಗೆ ಸುಮ್ನೆ ಕೂತಿದ್ದವರೆಲ್ಲ ತಲೆ ಆಡಿಸಿದರು. ಏನು ಹೇಳಿದಿರಿ ಅಂತ ಆಮೇಲೆ ಕೇಳಿದೆ. ವಸಂತದಲ್ಲಿ ಸಮುದ್ರದ ಮಂಜುಗಡ್ಡೆಯ ಮೇಲೆ ಹಿಮ ಬಿದ್ದಿರುತ್ತದೆ, ಎಲ್ಲ ಒಂದೇ ಬಿಳುಪು, ಆದರೆ ಒಂದು ಕಡೆ ಕೆಳಗೆ ನೀರು ಹರಿದು ಗಡ್ಡೆ ತೆಳುವಾಗಿರುತ್ತದೆ, ಈ ಮೇಷ್ಟ್ರು ಅದರ ಬಗ್ಗೆ ಹೇಳುತ್ತಿದ್ದಾರೆ ಅಂದೆ ಎಂದರು. ನಾನು ಹತ್ತು ಸ್ಲೈಡುಗಳಲ್ಲಿ ಹೇಳಲಾಗದ್ದು ಅದು.

ಅದಕ್ಕೇ ನಾನು ಹಣ ಕೊಡುವವರ ಹತ್ತಿರ ಕೇಳುತ್ತಿರುವುದು ಇಷ್ಟೇ. ನನ್ನನ್ನು ಮೂರು ಸಲ ಕಳಿಸುವ ದುಡ್ಡಿನಲ್ಲಿ ಆ ಊರಿನವರೊಬ್ಬರನ್ನು ಕಲಿಸುವವರನ್ನಾಗಿ ಮಾಡಿ. ಅವರಿಗೆ ಪಾಠದ ದಿನಕ್ಕೆ ಸಂಬಳ ಕೊಡಿ. ಒಂದು ವರ್ಷಕ್ಕಲ್ಲ, ಐದು ವರ್ಷಕ್ಕೆ ಅಂತ ಮಂಜೂರು ಮಾಡಿ. ಗಣಿಯಲ್ಲಿ ತರಬೇತಿ ಪಡೆದು ಊರಿಗೆ ಮರಳಿದ ಹುಡುಗರಿದ್ದಾರೆ, ಅವರನ್ನು ಹುಡುಕಿ.

ಹೋದ ಮಾರ್ಚಿನಲ್ಲಿ ಎರಡು ಗೊಂಬೆಗಳನ್ನು ಒಂದು ಊರಲ್ಲೇ ಬಿಟ್ಟು ಬಂದೆ. ಅಲ್ಲಿನ ನೀರಿನ ಟ್ಯಾಂಕರ್ ಓಡಿಸುವವರೊಬ್ಬರು ಕಲಿಸುವವರ ಕೋರ್ಸು ಮುಗಿಸಿದ್ದರು. ಅಕ್ಟೋಬರಿನಲ್ಲಿ ಅವರ ಫೋನು ಬಂತು. ಗೊಂಬೆಯ ಎದೆಯೊಳಗೆ ಗಾಳಿ ತುಂಬುವ ಪ್ಲಾಸ್ಟಿಕ್ ಚೀಲಗಳೆಲ್ಲ ಖಾಲಿ, ಇನ್ನೊಂದಿಷ್ಟು ಕಳಿಸಿ ಅಂದರು. ಎಷ್ಟು ಬೇಕು ಅಂತ ಕೇಳಿದೆ. ಐವತ್ತು ಅಂದರು. ಮಾರನೇ ದಿನವೇ ಅಂಚೆಗೆ ಹಾಕಿದೆ.

ನಮಸ್ಕಾರ.