ಅಡಿಕೆ ಇಡಲೇ, ಕೊಡಲೇ: ಒಬ್ಬ ಬೆಳೆಗಾರನ ಮನಸ್ಸಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕೊಯ್ಲು ಮುಗಿದು ರಾಶಿ ಇಡಿ ಅಡಿಕೆ ಚೀಲ ತುಂಬಿದ ಮೇಲೆ ಮನೆಮನೆಯಲ್ಲೂ ಏಳುವ ಪ್ರಶ್ನೆ ಒಂದೇ. ಈಗಲೇ ಮಂಡಿಗೆ ಹಾಕುವುದೋ, ಧಾರಣೆ ಏರಲಿ ಎಂದು ಇಟ್ಟುಕೊಳ್ಳುವುದೋ? ಇದನ್ನು ಯಾರೂ ಒಬ್ಬರೇ ಕೂತು ತೀರ್ಮಾನಿಸುವುದಿಲ್ಲ. ಪಕ್ಕದ ತೋಟದವರು ಏನು ಮಾಡಿದರು, ಶಿವಮೊಗ್ಗದಿಂದ ಏನು ಸುದ್ದಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಏನು ಮಾತು ಎಂದು ನೋಡಿಕೊಂಡೇ ಮನಸ್ಸು ಅತ್ತಿತ್ತ ವಾಲುತ್ತದೆ. ಸಾವಿರಾರು ಜನರ ಇಂಥ ಜಾಲದಲ್ಲಿ ಒಬ್ಬನೇ ಒಬ್ಬನ ನಡವಳಿಕೆಯನ್ನು ಗಣಿತದಲ್ಲಿ ಹಿಡಿಯುವುದು ಹೇಗೆ ಎಂಬುದು ಇವತ್ತಿನ ವಿಷಯ.

ಮೊದಲು ಜಾಲದ ನಿಯಮ. ಇಡುವ ಮನಸ್ಸಿಗೆ ಪ್ಲಸ್ 1, ಮಾರುವ ಮನಸ್ಸಿಗೆ ಮೈನಸ್ 1 ಎನ್ನೋಣ. ಪ್ರತಿಯೊಬ್ಬರಿಗೂ ಮನಸ್ಸು ಬದಲಿಸುವ ಒಂದು ಸಹಜ ದರವಿದೆ. ನೆರೆಯವರು ಜೊತೆಗಿದ್ದರೆ ಆ ದರ ಇಳಿಯುತ್ತದೆ, ಎದುರಿದ್ದರೆ ಏರುತ್ತದೆ. ಪ್ರಭಾವದ ಬಲವನ್ನು 'ಕೆ' ಎಂದು ಕರೆದು ಅದಕ್ಕೆ 1.5 ಕೊಡೋಣ. ನಾಲ್ಕು ನೆರೆಯವರಲ್ಲಿ ಮೂವರು ನಿಮ್ಮ ಕಡೆ, ಒಬ್ಬರು ಆ ಕಡೆ ಇದ್ದರೆ ವ್ಯತ್ಯಾಸ 2, ಅದರ ಕಾಲು ಭಾಗ... ಅಂದರೆ ನಾಲ್ಕರಿಂದ ಭಾಗಿಸಿದರೆ 0.5. ಅದನ್ನು ಕೆಯಿಂದ ಗುಣಿಸಿದರೆ 0.75. ಗಣಿತದ 'ಇ' ಎಂಬ ಸಂಖ್ಯೆಗೆ, ಅಂದರೆ 2.718ಕ್ಕೆ, ಮೈನಸ್ 0.75 ಘಾತ ಹಾಕಿದರೆ 0.47. ಆಗ ನಿಮ್ಮ ದರ 0.47 ಪಟ್ಟಿಗೆ ಇಳಿಯುತ್ತದೆ. ನಾಲ್ವರೂ ಎದುರಾದರೆ ಸುಮಾರು ನಾಲ್ಕೂವರೆ ಪಟ್ಟು ಏರುತ್ತದೆ. ಎಲ್ಲರೂ ಎಲ್ಲರನ್ನೂ ನೋಡುವ ಜಾಲದಲ್ಲಿ ಕೆ 1 ದಾಟಿದರೆ ಇಡೀ ಸಮೂಹ ಒಂದು ಕಡೆಗೆ ವಾಲಿ ನಿಲ್ಲುತ್ತದೆ. ನಾಲ್ಕೇ ನೆರೆಯವರಿದ್ದರೆ ಅದಕ್ಕಿಂತ ಹೆಚ್ಚು ಬಲ ಬೇಕು.

ಇಷ್ಟು ಜನರ ಸಮೀಕರಣಗಳನ್ನೆಲ್ಲ ಒಟ್ಟಿಗೆ ಬಿಡಿಸದೆ ಒಬ್ಬನಿಗೆ ಒಂದೇ ಸಮೀಕರಣ ಬರೆಯಬಹುದೇ? ಬ್ರೂಸ್ ವೆಸ್ಟ್, ಮಾಲ್ಗೊರ್ಜಾಟಾ ತುರಾಲ್ಸ್ಕಾ, ಪಾವ್ಲೊ ಗ್ರಿಗೊಲಿನಿ ಎಂಬ ಭೌತವಿಜ್ಞಾನಿಗಳು 2015ರಲ್ಲಿ ಬರೆಯಬಹುದು ಎಂದು ತೋರಿಸಿದರು. ಆ ಸಮೀಕರಣ ತೀರ ಸರಳ. ಆದರೆ ಅದರಲ್ಲಿರುವ, ಬದಲಾವಣೆಯ ವೇಗ ಅಳೆಯುವ ಡೆರಿವೇಟಿವ್‌ನ ದರ್ಜೆ 1 ಅಲ್ಲ, 1ಕ್ಕಿಂತ ಕಡಿಮೆಯ ಭಿನ್ನಾಂಕ. ಅದನ್ನು ಆಲ್ಫಾ ಎನ್ನುತ್ತಾರೆ. ಅರ್ಧ ದರ್ಜೆಯ ಡೆರಿವೇಟಿವ್ ಎಂದರೇನು ಎಂಬ ಪ್ರಶ್ನೆ 1695ರಲ್ಲೇ ಜರ್ಮನಿಯ ಗಣಿತಜ್ಞ ಲೈಬ್ನಿಜ್ ಮುಂದೆ ಬಂದಿತ್ತು.

ಮಾಮೂಲಿ ಡೆರಿವೇಟಿವ್ ಈ ಗಳಿಗೆಯ ಬದಲಾವಣೆಯನ್ನಷ್ಟೇ ನೋಡುತ್ತದೆ. ಭಿನ್ನಾಂಕದ್ದು ಹಿಂದಿನದನ್ನೆಲ್ಲ ತೂಗಿ ಕೂಡಿಸುತ್ತದೆ. ಲೆಕ್ಕಕ್ಕಾಗಿ ಕಾಲವನ್ನು ಸಮಾನ ಹೆಜ್ಜೆಗಳಾಗಿ ಕತ್ತರಿಸಿದರೆ, ಆಲ್ಫಾ ಅರ್ಧವಾದಾಗ ತೂಕಗಳು ಅಕ್ಕಪಕ್ಕದ ವರ್ಗಮೂಲಗಳ ವ್ಯತ್ಯಾಸ. ಇತ್ತೀಚಿನ ಬದಲಾವಣೆಗೆ 1, ಅದರ ಹಿಂದಿನದಕ್ಕೆ 0.41, ಆಮೇಲೆ 0.32, 0.27. ನೂರು ಹೆಜ್ಜೆ ಹಿಂದಿನದಕ್ಕೂ 0.05 ಉಳಿದಿರುತ್ತದೆ. ನೆರೆಹೊರೆಯ ಪ್ರಭಾವವೆಲ್ಲ ಒಬ್ಬನ ಸಮೀಕರಣದಲ್ಲಿ ಹೀಗೆ ನೆನಪಾಗಿ ಕೂತಿರುತ್ತದೆ. ಈ ವಿಚಾರದ ತಿರುಳೇ ಇದು.

ಪರಿಣಾಮ ನೋಡಿ. ಎಲ್ಲರೂ ಇಡುವ ಮನಸ್ಸಿನಲ್ಲೇ ಶುರು ಮಾಡಿದರು, ಆ ನಿಲುವು ಸವೆಯುವ ಕಾಲಮಾನ 4 ದಿನ ಎನ್ನೋಣ. ಮಾಮೂಲಿ ಸಮೀಕರಣದಲ್ಲಿ ಒಂದು ದಿನದ ಮೇಲೆ ಸರಾಸರಿ 0.78, 16 ದಿನಕ್ಕೆ 0.02, ಅಂದರೆ ಮೊದಲ ನಿಲುವು ಅಳಿಸಿಯೇ ಹೋಯಿತು. ಆಲ್ಫಾ ಅರ್ಧವಾದರೆ ಮೊದಲ ದಿನವೇ 0.62ಕ್ಕೆ ಬೀಳುತ್ತದೆ, ಆದರೆ 16ನೇ ದಿನ 0.26 ಉಳಿದಿರುತ್ತದೆ, 64ನೇ ದಿನವೂ 0.14. ಅಂದರೆ ಎರಡು ತಿಂಗಳಾದರೂ ನೂರರಲ್ಲಿ 57 ಜನ ಇಡುವ ಕಡೆ, 43 ಜನ ಮಾರುವ ಕಡೆ. ಬೇಗ ಶುರುವಾಗಿ ನಿಧಾನಕ್ಕೆ ಎಳೆಯುವ ಈ ರೇಖೆಗೆ ಸ್ವೀಡನ್ನಿನ ಗಣಿತಜ್ಞ ಮಿಟ್ಟಾಗ್-ಲೆಫ್ಲರ್ ಹೆಸರಿದೆ. ಜಾಲ ಸಣ್ಣದಾದರೆ ಈ ಉದ್ದ ಬಾಲ ಒಂದು ಹಂತದಲ್ಲಿ ತುಂಡಾಗುತ್ತದೆ.

ಲೆಕ್ಕ ಮಾಡಲು ಕೂತವರು ಎಡವುವ ಜಾಗಗಳಿವೆ. ಮೊದಲನೆಯದು ದರದ ಮಾನ. ಕಾಲಮಾನ 4 ದಿನ ಎಂದರೆ ದರ ಕಾಲು ಎಂದು ಹಾಕಿಬಿಡುತ್ತಾರೆ. ಆಲ್ಫಾ ಅರ್ಧವಾದಾಗ 4ರ ವರ್ಗಮೂಲ ತೆಗೆದುಕೊಳ್ಳಬೇಕು, ದರ 0.5 ಆಗುತ್ತದೆ. ಎರಡನೆಯದು ಹೆಜ್ಜೆಯ ಅಳತೆ. ದಿನಕ್ಕೊಂದೇ ಹೆಜ್ಜೆ ಇಟ್ಟರೆ ಮೊದಲ ದಿನದ ಉತ್ತರ 0.62ರ ಬದಲು 0.69 ಬರುತ್ತದೆ, ಏಕೆಂದರೆ ಆರಂಭದಲ್ಲಿ ರೇಖೆ ಕಡಿದಾಗಿ ಇಳಿಯುತ್ತದೆ. ಶುರುವಿನಲ್ಲಿ ತೀರ ಸಣ್ಣ ಹೆಜ್ಜೆ, ಬರಬರುತ್ತ ದೊಡ್ಡದು ಇಟ್ಟರೆ ಸರಿ. ಭಿನ್ನಾಂಕದ ಡೆರಿವೇಟಿವಿಗೆ 1967ರಲ್ಲಿ ಇಟಲಿಯ ವಿಜ್ಞಾನಿ ಕಾಪುಟೊ ಕೊಟ್ಟ ವ್ಯಾಖ್ಯೆಯನ್ನೇ ಬಳಸಿ, ಅದಕ್ಕೆ ಮೊದಲ ದಿನದ ನಿಲುವನ್ನು ಇದ್ದ ಹಾಗೇ ಕೊಡಬಹುದು. ಕಂಪ್ಯೂಟರಿಗೆ ಭಾರ ಎಂದು ಹಳೆಯ ನೆನಪನ್ನು ಕತ್ತರಿಸುವಾಗ ಹುಷಾರು: 10,000 ಹೆಜ್ಜೆಗೆ ಒಬ್ಬನಿಗೇ ಸುಮಾರು 5 ಕೋಟಿ ಗುಣಾಕಾರ ಬೇಕು ನಿಜ, ಆದರೆ ಬಾಲ ಇರುವುದೇ ಆ ಹಳೆಯ ತೂಕಗಳಲ್ಲಿ.

ಇದಕ್ಕಿಂತ ದೊಡ್ಡ ತೊಡಕು ಮಾಹಿತಿಯದು. ನೂರು ಬೆಳೆಗಾರರ ಸರಾಸರಿಯಲ್ಲಿ ಆಕಸ್ಮಿಕ ಏರಿಳಿತವೇ 0.1ರಷ್ಟಿರುತ್ತದೆ. 0.14ರ ಬಾಲ ಅದರಲ್ಲಿ ಮುಳುಗಿ ಹೋಗುತ್ತದೆ. ಹತ್ತು ಶೇಕಡಾ ನಿಖರತೆಗೆ ಕಡಿಮೆಯೆಂದರೂ 5,000 ಜನ ಬೇಕು, ನೆರೆಯವರು ಒಬ್ಬರನ್ನೊಬ್ಬರು ನೋಡುವುದರಿಂದ ಇನ್ನೂ ಹೆಚ್ಚು. ಕೆಲವೇ ಮನೆ ಸುತ್ತಿ ಆಲ್ಫಾ ಹೇಳುವವರನ್ನು ನಾನಂತೂ ನಂಬುವುದಿಲ್ಲ.

ಇನ್ನೊಂದು ಮಾತು. ಉದ್ದ ಬಾಲ ಕಂಡ ಮಾತ್ರಕ್ಕೆ ಅದು ಜಾಲದ ನೆನಪೇ ಆಗಬೇಕೆಂದಿಲ್ಲ. ಸಾಲದ ಕಂತು ಹತ್ತಿರವಿರುವವರು ಬೇಗ, ಗೋದಾಮು ಇರುವವರು ನಿಧಾನ ಮನಸ್ಸು ಬದಲಿಸಿದರೆ, ಯಾರೂ ಯಾರನ್ನೂ ನೋಡದಿದ್ದರೂ ಸರಾಸರಿ ರೇಖೆ ಇದೇ ರೂಪ ತಾಳಬಲ್ಲದು. ಪತ್ತೆ ಹಚ್ಚುವ ದಾರಿ ಇದೆ. ನೆರೆಯವರು ಹೆಚ್ಚಿನವರು ಜೊತೆಗಿದ್ದಾಗ ಮನಸ್ಸು ಬದಲಿಸಿದವರ ದರ, ಎದುರಿದ್ದಾಗಿನ ದರ, ಎರಡನ್ನೂ ಬೇರೆಬೇರೆ ಎಣಿಸಿ. ಎರಡೂ ಒಂದೇ ಆದರೆ ಜಾಲದ ಮಾತು ಬಿಟ್ಟುಬಿಡಿ. ಧಾರಣೆ ಏರಿಳಿದಾಗ ಎಲ್ಲರೂ ಒಟ್ಟಿಗೆ ಬದಲಾಗುವುದರಿಂದ, ಈ ಹೋಲಿಕೆಯನ್ನು ಒಂದೇ ದಿನದ, ಒಂದೇ ಧಾರಣೆಯ ಒಳಗೇ ಮಾಡಬೇಕು.